ಕಾಡಿನಲ್ಲಿ ಮಂಗ ಸತ್ತರೆ ಯಾರಿಗೆ ಹೇಳಬೇಕು?

ಮಾನ್ಯ ಸಂಪಾದಕರೇ,

ಚಳಿ ಬಿತ್ತು ಅಂದರೆ ನಮ್ಮ ಕಡೆ ಮಂಗನ ಕಾಯಿಲೆಯ ಭಯ ಶುರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ 2012ರಲ್ಲಿ ಬಂಡೀಪುರದ ಕಡೆ ಕಾಣಿಸಿತು, ಆಮೇಲೆ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಯಿತು. ಆದರೂ ಇದು ಮಲೆನಾಡಿನವರ ತಲೆನೋವು ಅಂತಲೇ ಲೆಕ್ಕ. ಕಾಡಿನ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ, ಕಚ್ಚಿದರೆ ಬರುವ ರೋಗ ಇದು, ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲವಲ್ಲ, ಪಟ್ಟಣದವರಿಗೆ ಬಿಸಿ ತಟ್ಟುವುದು ಹೇಗೆ?

ಮೊದಲಾದರೂ ಒಂದು ಲಸಿಕೆ ಇತ್ತು. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು, ಎರಡು ಡೋಸ್ ಆದ ಮೇಲೂ ಬೂಸ್ಟರ್ ಬೇಕಿತ್ತು, ಎಷ್ಟೋ ಜನ ಅದಕ್ಕೇ ತಪ್ಪಿಸಿಕೊಳ್ಳುತ್ತಿದ್ದರು. ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯೇ ಬಿಡಿ. ಆದರೆ ಹೊಸದು ಕೈಗೆ ಸಿಗುವವರೆಗೆ ನಮಗಿರುವುದು ಉಣುಗು ಹತ್ತಿರ ಬಾರದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಮಾತ್ರ. ರೋಗಕ್ಕೆಂದೇ ಔಷಧಿ ಇಲ್ಲ, ಬಂದ ನೂರು ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ.

ಹಾಗಾಗಿ ನಮಗೆ ಮುಂಚೆ ಸಿಗುವ ದೊಡ್ಡ ಸೂಚನೆ ಸತ್ತ ಮಂಗ. ಅದರ ಮೈಮೇಲಿನ ಉಣುಗು ಅಲ್ಲೇ ಉದುರುತ್ತವೆ, ಆಮೇಲೆ ದರಕು (ಒಣಗಿದ ಎಲೆ) ಗುಡಿಸಲೋ ಸೌದೆಗೋ ಆ ಜಾಗಕ್ಕೆ ಹೋದವರಿಗೆ ಅಪಾಯ. ಮರಿ ಉಣುಗು ಎಳ್ಳುಕಾಳಿಗಿಂತ ಚಿಕ್ಕದು, ಕಚ್ಚಿದ್ದೂ ಗೊತ್ತಾಗುವುದಿಲ್ಲ.

ಹೋದ ಬೇಸಿಗೆಯಲ್ಲಿ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಒಂದು ಮುಸಿಯ (ಕಪ್ಪು ಮುಖದ ಮಂಗ) ಸತ್ತು ಬಿದ್ದಿತ್ತು. ಆಶಾ ಕಾರ್ಯಕರ್ತೆ ಪಾಪ ಕೂಡಲೇ ಆರೋಗ್ಯ ಇಲಾಖೆಯ ಮೇಲಿನವರಿಗೆ ಫೋನ್ ಮಾಡಿದರು. ಆ ಕಚೇರಿಯವರು ಅರಣ್ಯದವರಿಗೆ ಹೇಳಿ ಅಂದರು, ಅರಣ್ಯದವರು ಪಶುವೈದ್ಯರು ಬರಬೇಕು ಅಂದರು, ಎಲ್ಲರೂ ಸೇರುವಷ್ಟರಲ್ಲಿ ಹೆಣ ಕೊಳೆತು ನಾರುತ್ತಿತ್ತು, ಸ್ಯಾಂಪಲ್ ತೆಗೆಯುವ ಹಾಗೇ ಇರಲಿಲ್ಲ. ಸುತ್ತ ಒಂದಿಷ್ಟು ಉಣುಗು ಕೊಲ್ಲುವ ಪುಡಿ ಎರಚಿ, ಹೆಣ ಸುಟ್ಟು ಹೋದರು. ಅದು ಸತ್ತಿದ್ದು ಇದೇ ಕಾಯಿಲೆಯಿಂದಲಾ? ಇವತ್ತಿಗೂ ಗೊತ್ತಿಲ್ಲ. ಕೊಟ್ಟಿಗೆಗೆ ದರಕು ಬೇಕಲ್ವಾ, ಜನ ಅದೇ ಬೆಟ್ಟಕ್ಕೆ ಹೋದರು.

2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವಿನ ಮೇಲೆ ಸಾವು ಆದಾಗ ಎಲ್ಲರೂ ಓಡಿ ಬಂದರು. ಈಗ ಕೇಳುತ್ತಿರುವುದು ಅಷ್ಟು ದೊಡ್ಡದೇನಲ್ಲ. ಡಿಸೆಂಬರ್‌ನಿಂದ ಮೇವರೆಗೆ ತಾಲ್ಲೂಕಿಗೊಂದು ಫೋನ್ ನಂಬರ್ ಇರಲಿ, ಮಂಗ ಸತ್ತ ಸುದ್ದಿ ಹೋದರೆ ಮೂರೂ ಇಲಾಖೆಯವರನ್ನು ಹೊರಡಿಸುವುದು ಆ ನಂಬರಿನವರ ಕೆಲಸ ಆಗಲಿ. ಪರೀಕ್ಷೆಯ ಫಲಿತಾಂಶ ಫೈಲಿನಲ್ಲಿ ಸುಮ್ನೆ ಕೂರದೆ ಗ್ರಾಮ ಪಂಚಾಯಿತಿ ಬೋರ್ಡಿಗೆ ಬರಲಿ, ಯಾವ ಬೆಟ್ಟಕ್ಕೆ ಹೋಗಬಾರದು ಅಂತ ಹೆಸರು ಹಿಡಿದು ಹೇಳಲಿ. ಮಂಗ ಸತ್ತ ಊರಿನಲ್ಲಿ ಯಾರಿಗೇ ಜ್ವರ ಬಂದರೂ ಮಾತ್ರೆ ಕೊಟ್ಟು ಮನೆಗೆ ಕಳಿಸದೆ ಅವತ್ತೇ ರಕ್ತ ಪರೀಕ್ಷೆಗೆ ಕಳಿಸಲಿ.

— ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು