ಉಚಿತ ಕೋರ್ಸಿಗೆ ಕಾಲೇಜಿನಲ್ಲೊಬ್ಬ ಮಾರ್ಗದರ್ಶಕರು ಬೇಕು

ಸಂಪಾದಕರಿಗೆ,

ಮಾನ್ಯರೇ,

ಐಐಟಿ ಪ್ರಾಧ್ಯಾಪಕರ ಪಾಠವನ್ನು ಮೊಳಕಾಲ್ಮುರಿನ ವಿದ್ಯಾರ್ಥಿಯೂ ಶುಲ್ಕ ಕೊಡದೆ ಕೇಳಬಹುದಾದ ಕಾಲ ಬಂದಿರುವುದು ಸಣ್ಣ ಸಂಗತಿಯಲ್ಲ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ರೂಪಿಸಿದ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ ಮತ್ತು ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸ್ವಯಂ’ ಎಂಬ ಆನ್‌ಲೈನ್ ಕೋರ್ಸುಗಳ ಜಾಲತಾಣ ಇದನ್ನು ಸಾಧ್ಯವಾಗಿಸಿವೆ. ಒಂದು ಸೆಮಿಸ್ಟರ್‌ನ ಶೇ 40ರವರೆಗಿನ ಕೋರ್ಸುಗಳನ್ನು ‘ಸ್ವಯಂ’ ಮೂಲಕವೇ ಪೂರೈಸಿ ಪದವಿಗೆ ಲೆಕ್ಕವಾಗುವ ಕ್ರೆಡಿಟ್ ಪಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ ಅವಕಾಶ ನೀಡಿದೆ. ಹೀಗಿರುವಾಗ ನಮ್ಮ ಭಾಗದ ಪದವಿ ಕಾಲೇಜುಗಳು ಸೂಚನಾ ಫಲಕದಲ್ಲೊಂದು ಪ್ರಕಟಣೆ ಅಂಟಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ.

ಹೆಸರು ನೋಂದಾಯಿಸಿದವರೆಲ್ಲ ಕಲಿತು ಮುಗಿಸುವುದಿಲ್ಲ ಎಂಬುದು ಜಗತ್ತಿನೆಲ್ಲೆಡೆಯ ಅನುಭವ. 2012ರಲ್ಲಿ ಅಮೆರಿಕದ ಎಂಐಟಿ ತಂತ್ರಜ್ಞಾನ ಸಂಸ್ಥೆ ಆನ್‌ಲೈನ್‌ನಲ್ಲಿ ಉಚಿತವಾಗಿ ನಡೆಸಿದ ಎಲೆಕ್ಟ್ರಾನಿಕ್ಸ್ ಕೋರ್ಸಿಗೆ ಸುಮಾರು 1.55 ಲಕ್ಷ ಮಂದಿ ಸೇರಿದ್ದರು. ತೇರ್ಗಡೆಯಾದವರು 7 ಸಾವಿರದಷ್ಟು ಮಾತ್ರ. ಇಂಥ ಕೋರ್ಸುಗಳಿಗೆ ಸೇರುವವರಲ್ಲಿ ಬಹುಪಾಲು ಜನ ಆಗಲೇ ಪದವೀಧರರು ಎಂಬುದನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿಯೇ ತೋರಿಸಿಕೊಟ್ಟರು. ನನ್ನನ್ನು ಹೆಚ್ಚು ಕಾಡುವುದು ಈ ಎರಡನೆಯ ಸಂಗತಿ. ಏಕೆಂದರೆ, ಯಾರಿಗೆ ಈ ಪಾಠಗಳು ಅತ್ಯಗತ್ಯವೋ ಅವರೇ ಹೊರಗುಳಿಯುತ್ತಿದ್ದಾರೆ.

ನನಗೆ ಪರಿಚಯವಿರುವ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಸಂಖ್ಯಾಶಾಸ್ತ್ರದ ಕೋರ್ಸಿಗೆ ಸೇರಿದ್ದಳು. ತಂದೆ ಹೊಲದಿಂದ ಬಂದ ಮೇಲೆಯೇ ಮೊಬೈಲ್ ಅವಳ ಕೈಗೆ ಸಿಗುತ್ತಿತ್ತು. ವಿಡಿಯೊವನ್ನು ಆಗಾಗ ನಿಲ್ಲಿಸಿ, ತಿಳಿಯದ ಇಂಗ್ಲಿಷ್ ಪದಗಳ ಅರ್ಥವನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತ ಅವಳು ನಾಲ್ಕನೆಯ ವಾರದವರೆಗೆ ಬಂದಳು. ಅಲ್ಲಿ ಅಸೈನ್‌ಮೆಂಟಿನ ಒಂದು ಲೆಕ್ಕ ಬಿಡಿಸಲಾಗಲಿಲ್ಲ. ಕೋರ್ಸಿನ ಚರ್ಚಾ ವಿಭಾಗದಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಬರೆಯಲು ಸಂಕೋಚ. ಕಾಲೇಜಿನಲ್ಲಿ ಕೇಳಿದರೆ ‘ಅದು ನಮ್ಮ ಸಿಲಬಸ್ಸಿನಲ್ಲಿಲ್ಲ’ ಎಂಬ ಉತ್ತರ. ಅಲ್ಲಿಗೆ ಕೋರ್ಸು ನಿಂತಿತು. ಅವಳಲ್ಲಿ ಶ್ರದ್ಧೆ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಇನ್ನು, ಪಾಠ ಉಚಿತವಾದರೂ ಪ್ರಮಾಣಪತ್ರಕ್ಕಾಗಿ ಬರೆಯುವ ಪರೀಕ್ಷೆಗೆ ಶುಲ್ಕವಿದೆ, ಪರೀಕ್ಷಾ ಕೇಂದ್ರಕ್ಕೆ ಹೋಗಿಬರುವ ಖರ್ಚೂ ಇದೆ.

ಪ್ರತಿ ಕಾಲೇಜಿನ ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದು ಗಂಟೆಯನ್ನಾದರೂ ಈ ಕೋರ್ಸುಗಳಿಗೆ ಮೀಸಲಿಟ್ಟು, ಒಬ್ಬ ಉಪನ್ಯಾಸಕರಿಗೆ ಮಾರ್ಗದರ್ಶನದ ಹೊಣೆ ವಹಿಸಿ, ಆ ಗಂಟೆಯನ್ನು ಅವರ ಕಾರ್ಯಭಾರದಲ್ಲಿ ಲೆಕ್ಕ ಹಿಡಿಯಬೇಕು. ಅತಿಥಿ ಉಪನ್ಯಾಸಕರಾದರೆ ಅದಕ್ಕೆ ತಕ್ಕ ಸಂಭಾವನೆ ಕೊಡಬೇಕು. ಪುಕ್ಕಟೆ ದುಡಿಸಿಕೊಳ್ಳುವ ಯೋಜನೆ ಬಾಳುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಈಗಾಗಲೇ ಅಧ್ಯಾಪಕರಿಗೆ ತರಬೇತಿ ನೀಡಲಾಗುತ್ತಿದೆ. ಈ ಮಾರ್ಗದರ್ಶಕರನ್ನು ಅಲ್ಲಿಯೇ ಸಜ್ಜುಗೊಳಿಸಬಹುದು. ಅಸೈನ್‌ಮೆಂಟುಗಳನ್ನು ತಪ್ಪದೆ ಸಲ್ಲಿಸಿದ ಬಡ ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕವನ್ನು ಕಾಲೇಜು ಶಿಕ್ಷಣ ಇಲಾಖೆ ಭರಿಸಲಿ. ದಾವಣಗೆರೆ ವಿಶ್ವವಿದ್ಯಾನಿಲಯ ಮುಂದಿನ ಸೆಮಿಸ್ಟರ್‌ನಿಂದಲೇ, ತಾಲ್ಲೂಕಿಗೆ ಒಂದು ಕಾಲೇಜಿನಲ್ಲಿ, ಒಂದೇ ವಿಷಯದಿಂದ ಇದನ್ನು ಆರಂಭಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಉಪನ್ಯಾಸಕ, ಚಳ್ಳಕೆರೆ