ಸ್ಕ್ರೂಡ್ರೈವರ್ ಒಳಗೆ ಹೋಯಿತೆಂದು ಬರೆದಿದ್ದೀಯಲ್ಲ

ಹುಬ್ಬಳ್ಳಿ
ಯುಗಾದಿ ಮುಗಿದ ಮೂರನೇ ದಿನ

ಚಿರಂಜೀವಿ ಬಾಳೂಗೆ ಕಾಕಾನ ಆಶೀರ್ವಾದ.

ಊರಿನ ಸುದ್ದಿಯನ್ನೆಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ಅಷ್ಟು ಹಳೇ ವೋಲ್ವೊ ಕಾರು ಯಾಕೆ ತೊಗೊಂಡ, ಎಷ್ಟು ಕೊಟ್ಟ ಎಂಬ ಜಗಳವೂ ಮನೆಯಲ್ಲಿ ಮುಗಿದಿದೆ. ನಿನ್ನ ಪತ್ರದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಮೂರು ಸಾಲು. "ಕಾರ್ಪೆಟ್ ಎತ್ತಿ ಒತ್ತಿ ನೋಡಿದೆ ಕಾಕಾ, ಸ್ಕ್ರೂಡ್ರೈವರ್ ಒಳಗೆ ಹೋಗಿಬಿಟ್ಟಿತು. ಇಡೀ ಗಾಡಿಯೇ ಹೀಗಿದ್ದರೆ? ಜೂನಿನ ಹಳೇ ಗಾಡಿಗಳ ಪ್ರದರ್ಶನ ಮುಗಿಯುವತನಕ ಪುಟ್ಟಿ ತುಂಬಿ ಕಪ್ಪು ಬಳಿದುಬಿಡಲೇ?"

ಬಳಿಯಬೇಡ. ಮೊದಲು ಇಷ್ಟು ಬರೆದು ಆಮೇಲೆ ಉಳಿದದ್ದು ಹೇಳುತ್ತೇನೆ.

ಎಂಜಿನ್ ಬಗ್ಗೆ ಕೇಳಿದ್ದೀಯ, ಅದಕ್ಕೆ ಎರಡೇ ಮಾತು. ನಿನ್ನ 1990ರ ವೋಲ್ವೊ 240ರಲ್ಲಿ ಇರುವುದು ಬಿ230ಎಫ್, 2.3 ಲೀಟರು, ಎಂಟು ವಾಲ್ವು. ಟೈಮಿಂಗ್ ಬೆಲ್ಟ್ ಹರಿದರೂ ಪಿಸ್ಟನ್ನು ವಾಲ್ವಿಗೆ ಬಡಿಯುವುದಿಲ್ಲ. ಗಾಡಿ ನಿಲ್ಲುತ್ತದೆ, ಅಷ್ಟೇ. ಬೆಲ್ಟು ಹೊಸದು ಹಾಕಿ 80,000 ಕಿ.ಮೀ. ಆಗಿದ್ದರೆ, ಇಲ್ಲವೇ ಯಾವಾಗ ಹಾಕಿದ್ದೆಂದು ಚೀಟಿ ಸಿಗದಿದ್ದರೆ, ಬದಲಿಸು. ಇನ್‌ಟೇಕಿನ ಕೆಳಗೆ ಫ್ಲೇಮ್ ಟ್ರ್ಯಾಪ್ ಅಂತ ಸಣ್ಣದೊಂದು ಪ್ಲಾಸ್ಟಿಕ್ ತುಂಡು ಇರುತ್ತದೆ, ಅದನ್ನು ಬಿಚ್ಚಿ ತೊಳೆ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ ಹಿಂದಿನ ಸೀಲಿನಿಂದ ಆಯಿಲ್ ಬರುತ್ತದೆ, ಜನ ಸುಮ್ಮನೆ ಗೇರ್‌ಬಾಕ್ಸ್ ಇಳಿಸಿ ಸೀಲು ಬದಲಿಸುತ್ತಾರೆ. ಈ ಎಂಜಿನ್ ನಿನ್ನನ್ನು ಕೈಬಿಡುವುದಿಲ್ಲ. ಕೈಬಿಟ್ಟರೆ ತಗಡು.

ಇನ್ನು ಆ ತೂತು.

ನೀನು ಬರೆಯದೇ ಬಿಟ್ಟಿದ್ದು ಒಂದಿದೆ: ತೂತು ಎಲ್ಲಿ? ಕಾಲಿಡುವ ತಗಡಿನ ನಡುವೆಯೋ, ಬಾಗಿಲಿನ ಕೆಳಗಿನ ಸಿಲ್‌ಗೆ ಹತ್ತಿಯೋ, ಸೀಟು ಕೂಡಿಸಿದ ಅಡ್ಡ ಪಟ್ಟಿಯ ಬುಡದಲ್ಲೋ? ಈ ಗಾಡಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ತಗಡೇ ಮೈ, ತಗಡೇ ಎಲುಬು. ತಗಡಿನ ನಡುವೆ ರೊಟ್ಟಿಯಷ್ಟು ತೂತು ಬಿದ್ದಿದ್ದರೂ ಅದು ಒಂದು ಭಾನುವಾರದ ಕೆಲಸ. ಸಿಲ್ಲಿನಲ್ಲಿ, ಜಾಕ್ ಕೊಡುವ ಜಾಗದಲ್ಲಿ, ಹಿಂದಿನ ಆಕ್ಸಲ್ಲಿನ ತೋಳು ಬಂದು ಕೂಡುವಲ್ಲಿ, ಸೀಟ್ ಬೆಲ್ಟಿನ ಬೋಲ್ಟ್ ಸುತ್ತ ಬೆರಳು ತೂರುವಷ್ಟಿದ್ದರೂ ಅದು ಬೇರೆಯೇ ಲೆಕ್ಕ. ಬ್ರಿಟನ್ನಿನ ತಪಾಸಣೆಯಲ್ಲಿ ಬೆಲ್ಟು, ಸಸ್ಪೆನ್ಷನ್, ಸ್ಟೀರಿಂಗ್ ಕೂಡುವ ಜಾಗಗಳಿಂದ 30 ಸೆಂ.ಮೀ. ಒಳಗೆ ಜಂಗು ತಿಂದಿದ್ದರೆ ಗಾಡಿ ಪಾಸಾಗುವುದಿಲ್ಲ. ನಿಮ್ಮಲ್ಲಿ ಲೆಕ್ಕ ಹೇಗೋ, ಅಲ್ಲಿಯ ತಪಾಸಣೆಯವರನ್ನೇ ಕೇಳು. ಆದರೆ ಅಳತೆ ಪಟ್ಟಿ ಹಿಡಿಯಲು ನನಗೆ 30 ಸೆಂ.ಮೀ. ಒಳ್ಳೆಯ ಗೆರೆ.

"ಇಡೀ ಗಾಡಿಯೇ ಹೀಗಿದ್ದರೆ" ಎಂದೆಯಲ್ಲ, ಅದಕ್ಕೆ ಉತ್ತರ ಸುತ್ತಿಗೆಯ ತುದಿಯಲ್ಲಿದೆ. ಹಿಂದೆ ಸ್ಟೇಶನ್ನಿನಲ್ಲಿ ಬೋಗಿಯ ಗಾಲಿ ಬಡಿದು ದನಿ ಕೇಳುತ್ತಾ ಹೋಗುತ್ತಿದ್ದರಲ್ಲ, ಹಾಗೇ. ಸಣ್ಣ ಸುತ್ತಿಗೆ ತೊಗೊಂಡು, ಗಾಡಿಯನ್ನು ಎರಡೂ ಕಡೆ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜಾಕಿನ ಮೇಲೆ ನಿಲ್ಲಿಸಿ ಕೆಳಗೆ ಹೋಗಬೇಡ, ಇದನ್ನು ನಿನಗೆ ಹೇಳಬೇಕೇ) ನಾಲ್ಕು ಬೆರಳಿಗೊಮ್ಮೆ ಬಡಿ. ಗಟ್ಟಿ ತಗಡು ಠಣ್ ಅನ್ನುತ್ತದೆ. ತಿಂದ ತಗಡು ಥಪ್ ಅನ್ನುತ್ತದೆ, ಒದ್ದೆ ಹಲಗೆ ಬಡಿದ ಹಾಗೆ. ಥಪ್ ಅಂದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕು, ಆಮೇಲೆ ಗುರುತಿನ ಮೇಲೆ ಮಾತ್ರ ದಬ್ಬಣ ಚುಚ್ಚು. ಸ್ಕ್ರೂಡ್ರೈವರ್ ಹಿಡಿದು ಸಿಕ್ಕಲ್ಲೆಲ್ಲ ತಿವಿಯುತ್ತಾ ಹೋದರೆ ಒಳ್ಳೆಯ ತಗಡಿನ ಬಣ್ಣವೂ ಹಾರಿ ಅಲ್ಲೂ ಜಂಗು ಶುರುವಾಗುತ್ತದೆ. ಒಂದು ತಾಸಿನಲ್ಲಿ ನಿನ್ನ ಹೆದರಿಕೆಗೆ ಒಂದು ನಕ್ಷೆ ಸಿಗುತ್ತದೆ. ನೋಡಬೇಕಾದ ಜಾಗಗಳು: ಮುಂದಿನ ಎರಡೂ ಕಾಲುತಟ್ಟೆ, ಸಿಲ್ಲಿನ ಎರಡು ತುದಿ, ಬ್ಯಾಟರಿಯ ತಟ್ಟೆ, ಮುಂದಿನ ಗಾಜಿನ ಕೆಳಮೂಲೆ, ಹಿಂದಿನ ಗಾಲಿಯ ಕಮಾನು, ಸ್ಟೆಪ್ನಿ ಇಡುವ ಗುಂಡಿ. ನಿನ್ನದು ಎಸ್ಟೇಟ್ (ಹಿಂದೆ ಸಾಮಾನಿಗೆ ಜಾಗವಿರುವ ಉದ್ದ ಮೈಯ ಗಾಡಿ) ಆದ್ದರಿಂದ ಹಿಂದಿನ ಬಾಗಿಲಿನ ಕೆಳ ಅಂಚೂ ಸೇರಿತು.

ಮಸ್ಕತ್ತಿನಲ್ಲಿ ನಾನು ಗಾಡಿ ರಿಪೇರಿ ಮಾಡುತ್ತಿದ್ದ ವರ್ಷಗಳು ನಿನಗೆ ಗೊತ್ತು. ಅಲ್ಲಿ ಇದೇ 240ರ ಒಂದು ಬಿಳಿ ಗಾಡಿಯ ಕಾಲುತಟ್ಟೆಗೆ ನಾನು ಡಾಂಬರ್ ಹಾಳೆ ಅಂಟಿಸಿ, ಮೇಲೆ ಪುಟ್ಟಿ ಎಳೆದು, ಕಪ್ಪು ಬಳಿದು ಕೊಟ್ಟಿದ್ದೆ. ಹೇಳಿದವರು ಬೇರೆ, ಮಾಡಿದ ಕೈ ನನ್ನದು. ಆ ಗಾಡಿಯ ಹಿಂದಿನ ಸೀಟಿನಲ್ಲಿ ಮಗುವಿನ ಒಂದು ಚಪ್ಪಲಿ ಇತ್ತು. ಅದಕ್ಕಿಂತ ಹೆಚ್ಚು ಹೇಳುವುದಕ್ಕೆ ಏನೂ ಇಲ್ಲ, ನನಗೆ ಆಮೇಲೆ ಏನಾಯಿತೋ ತಿಳಿಯಲೂ ಇಲ್ಲ. ನಿನ್ನ ಪತ್ರದಲ್ಲಿ "ಕಪ್ಪು ಬಳಿದುಬಿಡಲೇ" ಅಂತ ಓದಿದ ಕೂಡಲೇ ಆ ಡಬ್ಬಿಯ ವಾಸನೆ ಮೂಗಿಗೆ ಬಂತು.

ಪುಟ್ಟಿ ಯಾಕೆ ಬೇಡ ಅನ್ನುವುದಕ್ಕೆ ಬರೀ ನನ್ನ ಪಶ್ಚಾತ್ತಾಪ ಕಾರಣವಲ್ಲ. ಪುಟ್ಟಿ ಅಂದರೆ ಪಾಲಿಯೆಸ್ಟರ್ ಅಂಟು ಮತ್ತು ಶಂಖಜೀರದ ಪುಡಿ. ಅದು ನೀರು ಹೀರುತ್ತದೆ. ಹಿಂದಿನಿಂದ ಒದ್ದೆ ತಗುಲಿದರೆ ಪುಟ್ಟಿ ಮತ್ತು ತಗಡಿನ ನಡುವೆ ಜಂಗು ಬೆಳೆಯುತ್ತದೆ. ಜಂಗಿಗೆ ಕಬ್ಬಿಣಕ್ಕಿಂತ ಜಾಗ ಜಾಸ್ತಿ ಬೇಕು, ಹಾಗಾಗಿ ಪುಟ್ಟಿಯನ್ನು ದೂಡಿ ಎಬ್ಬಿಸುತ್ತದೆ. ಕಪ್ಪು ಬಳಿದರೆ ಇನ್ನೂ ಕೆಟ್ಟದ್ದು. ಒಳಗಿನ ತೇವ ಹೊರಗೆ ಬಾರದಂತೆ ಮುಚ್ಚಳ ಹಾಕಿದ ಹಾಗೆ. ಮೇಲೆ ನೋಡಿದರೆ ಥಳಥಳ, ಒಳಗೆ ಮತ್ತೊಂದು ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಎರಚಿದ ಉಪ್ಪು. ಪ್ರದರ್ಶನಕ್ಕೆ ಬರುವ ಹಳೇ ಕೈಗಳು ಬಟ್ಟೆ ಸುತ್ತಿದ ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡೇ ಬರುತ್ತಾರೆ. ಪುಟ್ಟಿ ದಪ್ಪ ಇದ್ದಲ್ಲಿ ಅದು ಹಿಡಿಯದೆ ಜಾರುತ್ತದೆ.

ತೂತು ಮುಚ್ಚುವುದಕ್ಕೆ ಮೊದಲು ನೀರು ಎಲ್ಲಿಂದ ಬಂತು ಅಂತ ಹುಡುಕು. ಕಾರ್ಪೆಟ್ಟಿನ ಕೆಳಗಿನ ದಪ್ಪ ಪದರ ವಾರಗಟ್ಟಲೆ ನೀರು ಹಿಡಿದಿಡುತ್ತದೆ, ಮೇಲೆ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಕೈಗೆ ಜಿಡ್ಡು ಹತ್ತಿದರೆ, ಹೀಟರ್ ಹಾಕಿದಾಗ ಸಿಹಿ ವಾಸನೆ ಬಂದು ಗಾಜಿನ ಒಳಗೆ ಮಬ್ಬು ಕೂತರೆ ಅದು ಮಳೆ ನೀರಲ್ಲ, ಹೀಟರ್ ಕೋರಿನಿಂದ (ಒಳಗೆ ಬಿಸಿಗಾಳಿ ಕೊಡುವ ಸಣ್ಣ ರೇಡಿಯೇಟರು) ಸೋರಿದ ಕೂಲಂಟ್, ಎಂಜಿನ್ ತಣಿಸುವ ದ್ರವ. ಬರೀ ನೀರಾಗಿದ್ದರೆ ಒಬ್ಬರನ್ನು ಬ್ಯಾಟರಿ ದೀಪ ಕೊಟ್ಟು ಒಳಗೆ ಕೂಡಿಸು, ಪೈಪಿನಿಂದ ಕೆಳಗಿನಿಂದ ಮೇಲಕ್ಕೆ ನೀರು ಬಿಡುತ್ತಾ ಹೋಗು. ಒಮ್ಮೆಲೇ ಗಾಜಿನ ಮೇಲೆ ಸುರಿದರೆ ಎಲ್ಲಿಂದ ಇಳಿಯಿತೆಂದು ತಿಳಿಯುವುದಿಲ್ಲ. ಮೊದಲು ವೈಪರಿನ ಕೆಳಗಿನ ಗಾಳಿಯ ತೊಟ್ಟಿ, ಅಲ್ಲಿ ಎಲೆ ಕೊಳೆತು ನೀರು ಹೋಗುವ ದಾರಿ ಕಟ್ಟಿರುತ್ತದೆ. ಆಮೇಲೆ ಗಾಜಿನ ಅಂಚು. ಸನ್‌ರೂಫ್ ಇದ್ದರೆ ಅದರ ನೀರಿನ ನಳಿಕೆಗಳು. ದಾರಿ ಸಿಗದೆ ಬೆಸುಗೆ ಹಾಕಿದರೆ ಬಾಣಲೆಗೆ ತಳ ಹಾಕಿ ಒಲೆಯ ಮೇಲೆ ಮರೆತ ಹಾಗೆ.

ಬೆಸುಗೆ ನೀನೇ ಹಾಕುತ್ತೀಯೋ, ಕೊಡಿಸುತ್ತೀಯೋ ನಿನ್ನಿಷ್ಟ. ಎಂಜಿನಿಯರ್‌ಗೆ ನಾನು ಕಲಿಸುವುದೇನು ಅಂತ ಅನಿಸುತ್ತದೆ, ಆದರೂ ಬರೆಯುತ್ತೇನೆ. ಬ್ಯಾಟರಿ ಬಿಚ್ಚಿ ಹೊರಗಿಡು. ಆಲ್ಟರ್ನೇಟರಿನ ವೈರು, ಎಂಜಿನ್ ಕಂಪ್ಯೂಟರಿನ ಪ್ಲಗ್ಗು ಎರಡನ್ನೂ ಕಳಚು. ಪೆಟ್ರೋಲು, ಬ್ರೇಕಿನ ಪೈಪುಗಳು ತಟ್ಟೆಯ ಕೆಳಗೇ ಹಾದು ಹೋಗುತ್ತವೆ, ಪೆಟ್ರೋಲಿನ ದೊಡ್ಡ ಪಂಪು ಡ್ರೈವರ್ ಸೀಟಿನ ಕೆಳಗೇ ಇದೆ. ಅದನ್ನು ನೋಡದೆ ಮೇಲಿನಿಂದ ಕಿಡಿ ಹಾರಿಸಬೇಡ. ತಟ್ಟೆಗೆ ಅಂಟಿಸಿದ ಡಾಂಬರ್ ಹಾಳೆ ಬೆಂಕಿ ಹಿಡಿಯುತ್ತದೆ. ಅದನ್ನು ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಇಟ್ಟು ಬಡಿದರೆ ಬಿಸ್ಕೀಟಿನ ಹಾಗೆ ಒಡೆದು ಏಳುತ್ತದೆ. ಕಿಟಕಿ ತೆಗೆದಿರಲಿ, ಕೈಗೆ ಕೈಗವಸಿರಲಿ, ಡ್ರೈ ಐಸಿನ ಹೊಗೆ ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟಿಸುತ್ತದೆ. ನಿನ್ನ ಕಾಲದ ಗಾಡಿಗಳಲ್ಲಿ ಸತುವು ಲೇಪಿಸಿದ ತಗಡೂ ಇದೆ. ಸತುವು ಸುಟ್ಟ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಆದ್ದರಿಂದ ಬೆಸುಗೆಯ ಜಾಗದ ಲೇಪ ಉಜ್ಜಿ ತೆಗೆ, ಮುಖವಾಡ ಹಾಕು.

ತಿಂದ ತಗಡನ್ನು ಕತ್ತರಿಸುವಾಗ ಕೈ ನಡುಗುತ್ತದೆ, ಎಲ್ಲರಿಗೂ. ತೂತು ರೂಪಾಯಿಯಷ್ಟಿದ್ದರೆ ಕತ್ತರಿಸಿದ ಮೇಲೆ ಅಂಗೈ ಅಗಲ ಆಗುತ್ತದೆ. ಹೊಳೆಯುವ ತಗಡು ಸಿಗುವವರೆಗೆ ಹೋಗಿ, ಅಲ್ಲಿಂದ ಇನ್ನೂ ಎರಡು ಸೆಂ.ಮೀ. ಹೋಗು. ಅಜ್ಜಿ ಕೌದಿ ಹೊಲಿಯುವಾಗ ಜೀರ್ಣವಾದ ಅಂಚನ್ನು ಹರಿದೇ ಎಸೆಯುತ್ತಿದ್ದಳು, ಅದರ ಮೇಲೆ ಹೊಲಿಗೆ ನಿಲ್ಲುವುದಿಲ್ಲವೆಂದು. ಹೊಸ ತೇಪೆ 1 ಮಿ.ಮೀ. ತಗಡಿನದು, ಮೂಲೆಗಳು ದುಂಡಗಿರಲಿ, ಚೂಪು ಮೂಲೆಯಿಂದಲೇ ಬಿರುಕು ಶುರುವಾಗುತ್ತದೆ. ಮಿಗ್ ಬೆಸುಗೆಗೆ (ತಂತಿ ತಾನಾಗಿ ಬಂದು ಕರಗುವ ಬೆಸುಗೆ) 0.6 ಮಿ.ಮೀ. ತಂತಿ. ಭಾರ ಹೊರುವ ಜಾಗದಲ್ಲಿ ತೇಪೆಯ ಅಂಚು ಸುತ್ತಲೂ ಪೂರ್ತಿ ಬೆಸೆಯಬೇಕು, ಆದರೆ ಒಂದೇ ಉಸಿರಿಗಲ್ಲ. ಇಲ್ಲೊಂದು ಸೆಂ.ಮೀ., ಎದುರಿಗೊಂದು ಸೆಂ.ಮೀ., ತಣಿಯಲು ಬಿಟ್ಟು ಮತ್ತೊಂದು. ಅವಸರ ಮಾಡಿದರೆ ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಕೆಲಸ ಮುಗಿದ ಮೇಲೆ ಒಂದು ತಾಸು ಗಾಡಿಯ ಹತ್ತಿರವೇ ಕೂತಿರು. ಬೆಂಕಿ ಕೆಲವೊಮ್ಮೆ ಎಲ್ಲರೂ ಊಟಕ್ಕೆ ಹೋದ ಮೇಲೆ ಏಳುತ್ತದೆ.

ಸಣ್ಣಗೆ ಉಳಿದ ಜಂಗಿಗೆ ಕನ್ವರ್ಟರ್ ಅಂತ ಸಿಗುತ್ತದೆ, ಹಚ್ಚಿದರೆ ಕಪ್ಪಾಗುತ್ತದೆ. ಮಾಯೆ ಏನಲ್ಲ. ಅಳಲೇಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಅದೇ ಒಗರು, ಅದೇ ಕಪ್ಪು. ಅದು ಮೇಲಿನ ತೆಳು ಜಂಗನ್ನು ಹಿಡಿದು ನಿಲ್ಲಿಸುತ್ತದೆಯೇ ಹೊರತು ಹೋದ ತಗಡನ್ನು ತರುವುದಿಲ್ಲ. ಅದರ ಮೇಲೆ ಎಪಾಕ್ಸಿ ಪ್ರೈಮರ್, ಜೋಡುಗಳಿಗೆ ಸೀಲರ್, ಆಮೇಲೆ ಬಣ್ಣ. ಸಿಲ್ಲಿನೊಳಗೆ ಮೇಣ ಹೊಡೆಸು, ಒಂದೊಂದು ಬದಿಗೆ ಅರ್ಧದಿಂದ ಒಂದು ಲೀಟರು, ಉದ್ದ ನಳಿಕೆಯಲ್ಲಿ, ಬೇಸಿಗೆಯ ಬಿಸಿಲಿನಲ್ಲಿ. ಹೊಡೆಸುವ ಮೊದಲು ಸಿಲ್ಲಿನ ತಳದ ನೀರು ಹೋಗುವ ತೂತುಗಳಲ್ಲಿ ತಂತಿ ಆಡಿಸು. ಹಿಂದಿನ ಯಾರೋ ಪುಣ್ಯಾತ್ಮ ಕಪ್ಪು ಬಳಿದು ಅವನ್ನೂ ಮುಚ್ಚಿರುತ್ತಾನೆ, ನೋಡು ಬೇಕಾದರೆ.

ಜೂನಿಗೆ ಆಗಲಿಲ್ಲವೆಂದರೆ ಆಗಲಿಲ್ಲ. 1974ರಿಂದ 1993ರವರೆಗೆ 26 ಲಕ್ಷಕ್ಕೂ ಹೆಚ್ಚು ಮಾಡಿದ ಗಾಡಿ ಅದು. ಸಿಲ್ಲು, ಕಾಲುತಟ್ಟೆಯ ತಗಡು ಇನ್ನೂ ಸಿಗುತ್ತವೆ. ಕಾರ್ಪೆಟ್ ತೆಗೆದು, ಬರೀ ಪ್ರೈಮರ್ ಹಚ್ಚಿದ ತೇಪೆ ಕಾಣುವಂತೆಯೇ ಪ್ರದರ್ಶನಕ್ಕೆ ನಿಲ್ಲಿಸಿದರೂ ನನಗೆ ಅವಮಾನ ಅನಿಸುವುದಿಲ್ಲ. ಕತ್ತರಿಸುವ ಮೊದಲು, ಕತ್ತರಿಸಿದ ಮೇಲೆ, ಬೆಸೆದ ಮೇಲೆ ಫೋಟೊ ತೆಗೆದು ಗಾಡಿಯಲ್ಲೇ ಒಂದು ಫೈಲಿನಲ್ಲಿಡು. ಮುಂದೆ ಕೊಳ್ಳುವವನಿಗೆ ಬಣ್ಣಕ್ಕಿಂತ ಆ ಫೈಲು ಹೆಚ್ಚು ಬೇಕಾಗುತ್ತದೆ. ನಾನು ಆ ಬಿಳಿ ಗಾಡಿಯದ್ದು ಒಂದು ಫೋಟೊವನ್ನಾದರೂ ತೆಗೆದಿಡಬೇಕಿತ್ತು.

ಮತ್ತೆ ಅದೇ ಮಾತಿಗೆ ಬಂದೆ, ಬೇಸರಪಡಬೇಡ. ಈ ವಾರ ಇಷ್ಟು ಮಾಡು: ತೂತಿನ ಪಕ್ಕ ಅಳತೆ ಪಟ್ಟಿ ಇಟ್ಟು ಮೇಲಿನಿಂದ ಒಂದು, ಕೆಳಗಿನಿಂದ ಒಂದು ಫೋಟೊ ಕಳಿಸು. ಸೀಟಿನ ಬೋಲ್ಟು, ಬೆಲ್ಟಿನ ಬೋಲ್ಟು ಎರಡೂ ಅದರಲ್ಲಿ ಕಾಣಬೇಕು. ಸುತ್ತಿಗೆಯ ದನಿಯನ್ನೂ ಫೋನಿನಲ್ಲಿ ಹಿಡಿದು ಕಳಿಸಿದರೆ ಒಳ್ಳೆಯದು, ನನಗೆ ಎಡಗಿವಿ ಈಗ ಸ್ವಲ್ಪ ಮಂದ, ಬಲಗಿವಿಗೆ ಹಚ್ಚಿಕೊಂಡು ಕೇಳುತ್ತೇನೆ. ಅಲ್ಲಿಯವರೆಗೆ ಗಾಡಿಯಲ್ಲಿ ಯಾರನ್ನೂ ಕೂಡಿಸಿಕೊಂಡು ದೂರ ಹೋಗಬೇಡ.

ನಿನ್ನ
ಕಾಕಾ

ತಾ.ಕ.: ಗಾಡಿ ಬಿಸಿಯಾದಾಗ ನಿಂತು, ತಣಿದ ಮೇಲೆ ಮತ್ತೆ ಶುರುವಾಗುತ್ತದೆ ಅಂದೆಯಲ್ಲ, ಅದಕ್ಕೂ ತಗಡಿಗೂ ಸಂಬಂಧವಿಲ್ಲ. ಇಂಧನ ಪಂಪಿನ ರಿಲೇ (ಪಂಪಿಗೆ ಕರೆಂಟು ಕೊಡುವ ಸ್ವಿಚ್ಚಿನ ಡಬ್ಬಿ) ಬಿಚ್ಚಿ ಒಳಗಿನ ಸೋಲ್ಡರಿನ ಚುಕ್ಕೆಗಳನ್ನು ಭೂತಗನ್ನಡಿಯಲ್ಲಿ ನೋಡು. ಸುತ್ತ ಕೂದಲೆಳೆಯಂಥ ಉಂಗುರದ ಬಿರುಕು ಕಂಡರೆ ಮತ್ತೆ ಸೋಲ್ಡರ್ ಹಾಕು, ಇಲ್ಲ ಹೊಸದು ತೊಗೊ. ಒದ್ದೆ ಕಾರ್ಪೆಟ್ಟನ್ನು ಮಾತ್ರ ಮತ್ತೆ ಹಾಸಬೇಡ.