ಮಾನ್ಯ ಶಾಸಕರೇ, ನನ್ನ ಮಗನ ಕ್ಲಾಸಿನ ಗೋಡೆಯಿಂದ ಅದನ್ನು ಇಳಿಸಿ

ಟೆಕ್ಸಸ್ ವಿಧಾನಸಭೆಯಲ್ಲಿ ನಮ್ಮ ಕ್ಷೇತ್ರದ ಪ್ರತಿನಿಧಿಗಳಿಗೆ, ನಮಸ್ಕಾರ.

ಈ ಪತ್ರ ಕನ್ನಡದಲ್ಲಿದೆ. ನಿಮಗೆ ಓದೋಕೆ ಬರಲ್ಲ ಅಂತ ಗೊತ್ತು. ಮಗನ ಕ್ಲಾಸಿನ ಗೋಡೆಯ ಮೇಲಿರುವ ಬೈಬಲ್ ಪೋಸ್ಟರ್ ಇಳಿಸಿ ಅಂತ ಸೆಪ್ಟೆಂಬರಿನಿಂದ ಈಚೆಗೆ ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ. ಮೂರಕ್ಕೂ ಒಂದೇ ಉತ್ತರ: ನಿಮ್ಮ ಅಭಿಪ್ರಾಯ ನಮಗೆ ಮುಖ್ಯ, ಬರೆದದ್ದಕ್ಕೆ ಧನ್ಯವಾದ. ಮೂರನೇ ಸಲ ನನ್ನ ಹೆಸರೂ ತಪ್ಪಾಗಿತ್ತು. ಇಂಗ್ಲಿಷಿನಲ್ಲಿ ಬರೆದದ್ದನ್ನೇ ನೀವು ಓದಿಲ್ಲ ಅಂದಮೇಲೆ ಕನ್ನಡದಲ್ಲಿ ಬರೆದರೆ ನನಗೆ ಹೋಗೋದೇನಿದೆ? ನಮ್ಮ ಜನರಾದರೂ ಓದುತ್ತಾರೆ. ನಿಮ್ಮ ಕ್ಷೇತ್ರದಲ್ಲಿ ನಮ್ಮವರು ಎಷ್ಟು ಮನೆ ಇದ್ದಾರೆ ಅನ್ನೋದು ನಿಮಗೆ ಗೊತ್ತೇ ಇದೆ. ದೀಪಾವಳಿಗೆ ಬಂದಿದ್ದಿರಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು, ಸರ್ಕಾರಿ ಶಾಲೆ. ಅವನ ಕ್ಲಾಸಿನಲ್ಲಿ ಪೆನ್ಸಿಲ್ ಚೂಪು ಮಾಡುವ ಮೆಷಿನ್ ಮೇಲೆ, ಸರಿಯಾಗಿ ಅದರ ಮೇಲೇ, ಬೈಬಲ್ಲಿನ ಹತ್ತು ಆಜ್ಞೆಗಳ ಪೋಸ್ಟರ್ ಇದೆ. ದಿನಕ್ಕೆ ನಾಲ್ಕು ಸಲ ಪೆನ್ಸಿಲ್ ಮುರಿದುಕೊಳ್ಳುವ ಹುಡುಗ ನನ್ನದು. ನಾಲ್ಕು ಸಲ ಅದರ ಮುಂದೆ ನಿಲ್ಲುತ್ತಾನೆ. ಓದೋದು ಈಗಷ್ಟೇ ಚೆನ್ನಾಗಿ ಬಂದಿದೆ, ಕಂಡದ್ದೆಲ್ಲ ಓದುತ್ತಾನೆ. ಸೀರಿಯಲ್ ಡಬ್ಬದ ಹಿಂಭಾಗವನ್ನೂ ಬಿಡಲ್ಲ.

ಆಗಸ್ಟ್ 27ಕ್ಕೆ ಗಣೇಶನ ಹಬ್ಬ. ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಮಣ್ಣಿನ ಗಣಪ ಮಾಡಿದೆವು. ಸೊಂಡಿಲು ಅವನದೇ ಕೆಲಸ, ಎರಡು ಸಲ ಬಿತ್ತು. 2025ರ ಸೆಪ್ಟೆಂಬರ್ 1ರಿಂದ, ಸರ್ಕಾರಿ ಶಾಲೆಯ ಪ್ರತಿ ಕ್ಲಾಸಿನಲ್ಲೂ ಆ ಪೋಸ್ಟರ್ ಹಾಕಬೇಕು ಅನ್ನೋ ನಿಮ್ಮ ಕಾನೂನು ಜಾರಿಗೆ ಬಂತು. ಅದಾಗಿ ಎರಡು ವಾರಕ್ಕೆ ಊಟ ಮಾಡುತ್ತಾ ಕೇಳಿದ, "ಅಮ್ಮ, ಗ್ರೇವನ್ ಇಮೇಜ್ ಅಂದ್ರೆ ಏನು?" ಕೆತ್ತಿ ಮಾಡಿದ ವಿಗ್ರಹ ಅಂದೆ. ಏಕೆ ಕೇಳಿದ ಅಂತ ಆಗ ಹೊಳೆಯಲಿಲ್ಲ. "ಅದು ಮಾಡಬಾರ್ದಂತೆ. ನಾವು ಮಾಡಿದ್ವಲ್ಲ?" ಅಂದ.

ಹೇಳಿ ಸ್ವಾಮಿ, ಏನು ಉತ್ತರ ಕೊಡಲಿ?

ಕಾನೂನಿನ ಮಾತು ನಿಮಗೆ ಹೊಸದಾಗಿ ಹೇಳಬೇಕಿಲ್ಲ, ನೀವೇ ಮಾಡಿದ್ದು. ಎಸ್‌ಬಿ 10, ಅಂದರೆ ಸೆನೆಟ್ ಬಿಲ್ 10. ಪೋಸ್ಟರ್ 16 ಇಂಚು ಅಗಲ, 20 ಇಂಚು ಎತ್ತರಕ್ಕೆ ಕಡಿಮೆ ಇರಬಾರದು. ಎದ್ದು ಕಾಣುವ ಜಾಗದಲ್ಲಿರಬೇಕು. ಕ್ಲಾಸಿನಲ್ಲಿ ಎಲ್ಲಿ ಕೂತರೂ ಸಾಧಾರಣ ಕಣ್ಣಿಗೆ ಓದೋಕೆ ಆಗಬೇಕು. ಯಾರಾದರೂ ದಾನ ಕೊಟ್ಟರೆ ಶಾಲೆ ಬೇಡ ಅನ್ನುವ ಹಾಗಿಲ್ಲ. ಯಾವ ಮಾತು ಬರೆದಿರಬೇಕು ಅನ್ನೋದನ್ನೂ ಅಕ್ಷರ ಅಕ್ಷರ ನೀವೇ ಬರೆದಿಟ್ಟಿದ್ದೀರಿ. ನನ್ನ ಬಿಟ್ಟು ಬೇರೆ ದೇವರಿಲ್ಲ ಅನ್ನೋದು ಮೊದಲು, ವಿಗ್ರಹ ಮಾಡಬೇಡ ಅನ್ನೋದು ಅದರ ಕೆಳಗೇ. ಯಹೂದಿಗಳು ಈ ಆಜ್ಞೆಗಳನ್ನು ಎಣಿಸುವ ರೀತಿ ಬೇರೆ, ಕ್ಯಾಥೊಲಿಕ್ಕರದು ಬೇರೆ, ಪ್ರಾಟೆಸ್ಟೆಂಟರದು ಬೇರೆ. ಅದರಲ್ಲಿ ಒಂದನ್ನು ಸರ್ಕಾರವೇ ಆರಿಸಿ ಇದೇ ಸರಿ ಅಂತ ಗೋಡೆಗೆ ಹಾಕಿದೆ. ನಾವು ಹಿಂದೂಗಳ ಮಾತಿರಲಿ, ನಿಮ್ಮವರಲ್ಲೇ ಅರ್ಧ ಜನಕ್ಕೆ ಇದು ಅವರ ಮನೆಯ ಪಾಠ ಅಲ್ಲ.

ಶಾಲೆಗೆ ಹೋದೆ. ಟೀಚರ್ ಒಳ್ಳೆಯವರು. "ನನ್ನ ಕೈಯಲ್ಲಿ ಏನೂ ಇಲ್ಲ" ಅಂದರು, ಅಂದಾಗ ಬಾಗಿಲ ಕಡೆ ನೋಡಿದರು. ಅವರ ಮೇಲೆ ನನಗೆ ಕೋಪ ಇಲ್ಲ. ಆಫೀಸಿನಲ್ಲಿ ಕೂತಿದ್ದವರು ಮಾತ್ರ ನಗುತ್ತಲೇ ಹೇಳಿದರು, ಅದು ಬರೀ ಪೋಸ್ಟರ್, ಯಾರೂ ಪಾಠ ಮಾಡುತ್ತಿಲ್ಲ, ಬೇಡ ಅಂದರೆ ನಿಮ್ಮ ಮಗನಿಗೆ ಆ ಕಡೆ ನೋಡಬೇಡ ಅಂತ ಹೇಳಿ. ಎಲ್ಲಿ ಕೂತರೂ ಕಾಣಲೇಬೇಕು ಅಂತ ಕಾನೂನು, ನೋಡಬೇಡ ಅಂತ ಸಲಹೆ! ಹಾಗಾದರೆ ಮಗು ಎತ್ತ ನೋಡಬೇಕು, ಸೀಲಿಂಗ್ ಫ್ಯಾನ್ ನೋಡುತ್ತಾ ಗಣಿತ ಕಲಿಯಬೇಕಾ? ಆ ಫ್ಯಾನೂ ಇಲ್ಲ ಇಲ್ಲಿ, ಎಲ್ಲ ಏಸಿ.

ಇಷ್ಟಕ್ಕೇ ಆಗಿದ್ದರೆ ನಾನು ಸುಮ್ನಿರುತ್ತಿದ್ದೆ. ನಿಜವಾಗಿ. ನಮ್ಮಂಥವರು ಎಷ್ಟೋ ವಿಷಯಕ್ಕೆ ಸುಮ್ನಿದ್ದು ಅಭ್ಯಾಸ ಆಗಿದೆ.

ನಾನು ಮೈಸೂರಿನವಳು. ದಸರಾಕ್ಕೆ ಗೊಂಬೆ ಕೂರಿಸುತ್ತೇವೆ. ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆ, ಮರದ ರಾಜ ರಾಣಿ, ಹತ್ತೊಂಬತ್ತು ವರ್ಷದ ಹಿಂದೆ ಹಳೇ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದದ್ದು. ರಾಣಿಯ ಮೂಗು ಚೂರು ಸವೆದಿದೆ. ಪ್ರತಿ ವರ್ಷ ಹೊಸ ರೇಷ್ಮೆ ಚೂರು ಉಡಿಸಿ ಪಿನ್ ಹಾಕುತ್ತೇನೆ. ಮೆಟ್ಟಿಲ ಮುಂದೆ ಪಾರ್ಕ್ ಮಾಡೋದು ಮಗನ ಕೆಲಸ. ರಾಗಿ ಮೊಳಕೆ ಬರಿಸಿ ಹುಲ್ಲು ಮಾಡುತ್ತಾನೆ, ಕನ್ನಡಿ ಇಟ್ಟು ಕೆರೆ ಮಾಡುತ್ತಾನೆ, ಅವನ ಕಾರುಗಳನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾನೆ. ಈ ಸಲ ರಾಗಿ ನೆನೆಹಾಕು ಅಂದರೆ ಇವತ್ತು ನಾಳೆ ಅಂತ ಮುಂದೂಡಿದ. ಹೋಂವರ್ಕ್ ಜಾಸ್ತಿ ಇರಬೇಕು ಅಂದುಕೊಂಡೆ.

ನವರಾತ್ರಿಯ ಶನಿವಾರ ಅವನ ಕ್ಲಾಸಿನ ಗೆಳೆಯ ಆಟಕ್ಕೆ ಬರುವವನಿದ್ದ. ಗೊಂಬೆ ಬಾಗಿನಕ್ಕೆ ಕೊಬ್ಬರಿ ಮಿಠಾಯಿ ಮಾಡಿದ್ದೆ, ತಟ್ಟೆಗೆ ಹಾಕಿಕೊಂಡು ಹಾಲಿಗೆ ಬಂದೆ. ಪಟ್ಟದ ಗೊಂಬೆಗಳ ಮೇಲೆ ಒಂದು ಬಾತ್ ಟವೆಲ್ ಹೊದಿಸಿತ್ತು. ನೀಲಿ ಟವೆಲ್, ಇನ್ನೂ ಒದ್ದೆ ಇತ್ತು. ಯಾಕೋ ಅಂದೆ. ಅವನು ಬರೋವಷ್ಟು ಹೊತ್ತು ಮುಚ್ಚಿರಲಿ ಅಮ್ಮ, ಸ್ಕೂಲಲ್ಲಿ ಬರೆದಿದಾರಲ್ಲ, ಅಂದ.

ಆ ಒದ್ದೆ ಟವೆಲ್ ತೆಗೆದು ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಅಳು ಕೇಳಿಸಬಾರದು ಅಂತ. ಪಾಪ, ಆ ಗೆಳೆಯ ಬಂದವನು ಗೊಂಬೆ ನೋಡಿ "ಕೂಲ್" ಅಂದು ಮೂರು ಮಿಠಾಯಿ ತಿಂದ. ಮಕ್ಕಳದ್ದೇನೂ ತಕರಾರಿಲ್ಲ. ತಕರಾರು ಗೋಡೆಯದ್ದು.

ಆದ್ದರಿಂದ ಗೋಡೆಯಿಂದ ಅದನ್ನು ಇಳಿಸಿ.

ಈಗ ದೀಪಾವಳಿಯ ವಿಷಯ. ನಮ್ಮ ದೇವಸ್ಥಾನದ ಹಾಲಿಗೆ ನೀವು ಬಂದಿರಿ. ಶೂ ಬಿಚ್ಚಿದಿರಿ, ಹಣೆಗೆ ಕುಂಕುಮ ಇಡಿಸಿಕೊಂಡಿರಿ, ಗಣಪತಿಯ ಮುಂದೆ ದೀಪ ಹಚ್ಚಿ ಫೋಟೋ ತೆಗೆಸಿಕೊಂಡಿರಿ, ಕೈಮುಗಿದು "ನಮಸ್ತೆ" ಅಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮನೆಗೆ ಬಂದು ಮತದಾನದ ದಾಖಲೆ ತೆಗೆದು ನೋಡಿದೆ. ವಿಗ್ರಹ ಮಾಡಬೇಡ ಅಂತ ಮಕ್ಕಳ ತಲೆ ಮೇಲೆ ನೇತುಹಾಕುವ ಕಾನೂನಿಗೆ ಮೇ ತಿಂಗಳಲ್ಲಿ 82 ಜನ ಹೌದು ಅಂದರು, 46 ಜನ ಅಲ್ಲ ಅಂದರು. ನೀವು 82ರಲ್ಲಿದ್ದಿರಿ. ಯಾವ ಕೈಯಲ್ಲಿ ದೀಪ ಹಚ್ಚಿದಿರೋ ಅದೇ ಕೈ. ಆ ಫೋಟೋ ಇನ್ನೂ ನಿಮ್ಮ ಪೇಜಿನಲ್ಲಿದೆ, ಹಿಂದೆ ಗಣಪತಿ ಸ್ಪಷ್ಟವಾಗಿ ಕಾಣುತ್ತಾನೆ. ಟವೆಲ್ ಬೇಕಿದ್ದರೆ ಕಳಿಸಿಕೊಡಲಾ?

ಇನ್ನೊಂದು ತಮಾಷೆ. ಸಬ್ಬತ್ ದಿನವನ್ನು, ಅಂದರೆ ವಾರದ ವಿಶ್ರಾಂತಿ ದಿನವನ್ನು, ಪವಿತ್ರವಾಗಿಡು ಅನ್ನೋದೂ ಆ ಪಟ್ಟಿಯಲ್ಲೇ ಇದೆ. ನಿಮ್ಮ ಸದನ ಈ ಮಸೂದೆ ಚರ್ಚೆಗೆ ಕೂತದ್ದು ಮೇ 24, ಶನಿವಾರ, ಅದು ಯಹೂದಿಗಳ ಸಬ್ಬತ್. ಕೊನೆಯ ಮತ ಹಾಕಿದ್ದು ಮರುದಿನ ಭಾನುವಾರ, ಅದು ಕ್ರೈಸ್ತರದು. ಎರಡೂ ಲೆಕ್ಕದಲ್ಲಿ ಆಜ್ಞೆ ಮುರಿದೇ ಆಜ್ಞೆ ಪಾಸು ಮಾಡಿದಿರಿ!

ನಮ್ಮವರೇ ಕೆಲವರು ಹೇಳುತ್ತಾರೆ, ಅದರಲ್ಲಿ ತಪ್ಪೇನಿದೆ, ಕದಿಯಬೇಡ, ಸುಳ್ಳು ಹೇಳಬೇಡ, ಅಪ್ಪ ಅಮ್ಮನಿಗೆ ಮರ್ಯಾದೆ ಕೊಡು, ಒಳ್ಳೇ ಮಾತೇ ತಾನೆ. ಹೌದು, ಒಳ್ಳೇ ಮಾತು. ನನ್ನಜ್ಜಿ ಅದನ್ನೆಲ್ಲ ಕಲಿಸಿದ್ದಳು, ಅದಕ್ಕೆ ಬೇರೆ ದೇವರ ಹೊಟ್ಟೆಗೆ ಹೊಡೆಯಲಿಲ್ಲ. ಇನ್ನೊಬ್ಬರು ಅಂದರು, ವೀಸಾ ಗಲಾಟೆ ಇಷ್ಟೊಂದಿದೆ, ಈಗ್ಯಾಕೆ ನೀವು ತಲೆ ಎತ್ತುತ್ತೀರಿ ಅಂತ. ನಾನು ಗ್ರೀನ್ ಕಾರ್ಡಿಗೇ ಎಂಟು ವರ್ಷ ಕಾದವಳು, 2022ರಲ್ಲಿ ಸಿಟಿಜನ್ ಆದವಳು. ಪರೀಕ್ಷೆಗೆ ನೂರು ಪ್ರಶ್ನೆ ಬಾಯಿಪಾಠ ಮಾಡಿದ್ದೆ, ತರಕಾರಿ ಹೆಚ್ಚುತ್ತಾ. ಹತ್ತನೇ ಪ್ರಶ್ನೆ, ಧಾರ್ಮಿಕ ಸ್ವಾತಂತ್ರ್ಯ ಅಂದರೇನು. ಉತ್ತರ, ಯಾವ ಧರ್ಮವನ್ನಾದರೂ ಪಾಲಿಸಬಹುದು, ಪಾಲಿಸದೆಯೂ ಇರಬಹುದು. ಸರ್ಕಾರವೇ ಅಚ್ಚು ಹಾಕಿಸಿದ ಉತ್ತರ ಅದು. ನಮಗೆ ಪರೀಕ್ಷೆ ಇಟ್ಟವರು ಶಾಸಕರಿಗೂ ಒಂದು ಇಡಬಹುದಿತ್ತು.

ಹಾಗಂತ ನಾವೇನು ಸಾಚಾ ಅಂತಲ್ಲ. ನಾನು ಓದಿದ ಸರ್ಕಾರಿ ಶಾಲೆಯಲ್ಲಿ ಶುಕ್ರವಾರ ಶುಕ್ರವಾರ ಶಾರದಾ ಪೂಜೆ. ಕಡಲೆಪುರಿ ಹಂಚುತ್ತಿದ್ದರು. ನನ್ನ ಹಿಂದಿನ ಬೆಂಚಿನ ಮುಸ್ಲಿಂ ಹುಡುಗಿ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತಿರುತ್ತಿದ್ದಳು, ತಿನ್ನಬೇಕೋ ಬಿಡಬೇಕೋ ತಿಳಿಯದೆ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಬೇಡ ಅಂತ ಭಾರತದ ಸಂವಿಧಾನದ 28ನೇ ವಿಧಿಯೂ ಹೇಳುತ್ತೆ. ಆಗ ನನಗೆ ಅದು ಗೊತ್ತಿರಲಿಲ್ಲ, ಗೊತ್ತಾಗಬೇಕು ಅಂತ ಅನಿಸಲೂ ಇಲ್ಲ, ಪುರಿ ರುಚಿಯಾಗಿತ್ತು. ಅವಳ ಮುಖ ಈ ಅಕ್ಟೋಬರಿನಲ್ಲಿ ನೆನಪಾಯಿತು. ಮೂವತ್ತು ವರ್ಷ ತಡವಾಗಿ.

ಇಲ್ಲಿನ ಕೋರ್ಟಿನ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. 1980ರಲ್ಲೇ ಕೆಂಟಕಿಯ ಇಂಥದ್ದೇ ಕಾನೂನನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಅಲ್ಲೂ ಪೋಸ್ಟರ್ ದಾನದ ದುಡ್ಡಿನದೇ ಆಗಿತ್ತು, ಆ ನೆಪ ನಡೆಯಲಿಲ್ಲ. ಸರ್ಕಾರಿ ಶಾಲೆಯ ಫುಟ್‌ಬಾಲ್ ಕೋಚ್ ಮೈದಾನದಲ್ಲಿ ಪ್ರಾರ್ಥನೆ ಮಾಡಬಹುದು ಅಂತ 2022ರಲ್ಲಿ ಅದೇ ಕೋರ್ಟಿನ ತೀರ್ಪು ಬಂದಮೇಲೆ ಅದೆಲ್ಲ ಹಳೇದಾಯ್ತು ಅಂತ ನಿಮ್ಮವರು ವಾದಿಸುತ್ತಾರೆ. ಕೋಚ್ ತಾನೇ ಮಂಡಿಯೂರಿದ್ದು, ನನ್ನ ಮಗನ ತಲೆ ಮೇಲೆ ಮೊಳೆ ಹೊಡೆದಿರಲಿಲ್ಲ. ಈ ಆಗಸ್ಟ್ 20ಕ್ಕೆ ಸ್ಯಾನ್ ಆಂಟೋನಿಯೋದ ಜಡ್ಜ್ ಫ್ರೆಡ್ ಬೀರಿ 11 ಸ್ಕೂಲ್ ಡಿಸ್ಟ್ರಿಕ್ಟುಗಳಲ್ಲಿ, ಅಂದರೆ ಆಯಾ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿಗಳಲ್ಲಿ, ಈ ಪೋಸ್ಟರಿಗೆ ತಡೆ ಕೊಟ್ಟರು. ಆ ಕೇಸು ಹಾಕಿದವರಲ್ಲಿ ಯಹೂದಿಗಳಿದ್ದರು, ಕ್ರೈಸ್ತರಿದ್ದರು, ಹಿಂದೂಗಳೂ ಇದ್ದರು. ನವೆಂಬರಿನಲ್ಲಿ ಜಡ್ಜ್ ಒರ್ಲಾಂಡೋ ಗಾರ್ಸಿಯಾ ಇನ್ನೂ ಕೆಲವು ಡಿಸ್ಟ್ರಿಕ್ಟುಗಳಲ್ಲಿ ಇಳಿಸಿ ಅಂದರು. ನಿಮ್ಮ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಮಾತ್ರ ತಡೆ ಇಲ್ಲದ ಕಡೆಯೆಲ್ಲ ಹಾಕಲೇಬೇಕು ಅಂತ ಹಟ ಹಿಡಿದು, ಹಾಕದ ಗ್ಯಾಲ್ವೆಸ್ಟನ್, ರೌಂಡ್ ರಾಕ್, ಲಿಯಾಂಡರ್ ಡಿಸ್ಟ್ರಿಕ್ಟುಗಳ ಮೇಲೇ ಕೇಸು ಹಾಕಿದರು.

ಪ್ಲೇನೋ ಆ ಮೊದಲ ಪಟ್ಟಿಯಲ್ಲಿದೆ. ನಮ್ಮ ಡಿಸ್ಟ್ರಿಕ್ಟ್ ಎರಡರಲ್ಲೂ ಇಲ್ಲ. ನನ್ನ ನಾದಿನಿ ಪ್ಲೇನೋದಲ್ಲಿದ್ದಾಳೆ, ನಮ್ಮ ಮನೆಯಿಂದ ಹದಿನೆಂಟು ನಿಮಿಷ, ಟ್ರಾಫಿಕ್ ಇದ್ದರೆ ಅರ್ಧ ಗಂಟೆ. ಅವಳ ಮಗಳಿಗೆ ಅಮೆರಿಕದ ಸಂವಿಧಾನ ಅನ್ವಯಿಸುತ್ತೆ, ನನ್ನ ಮಗನಿಗೆ ಇಲ್ಲ. 2026ರ ಜನವರಿಯಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟಿನ ಜಡ್ಜುಗಳೆಲ್ಲ ಒಟ್ಟಿಗೆ ಕೂತು ಕೇಳುತ್ತಾರಂತೆ, ಕೇಳಲಿ. ಅಷ್ಟರಲ್ಲಿ ನನ್ನ ಮಗ ಎಷ್ಟು ಪೆನ್ಸಿಲ್ ಮುರಿದಿರುತ್ತಾನೋ.

ಒಂದು ಮಾತು, 2021ರ ಕಾನೂನು ನೆನಪಿದೆಯಾ? "ಇನ್ ಗಾಡ್ ವಿ ಟ್ರಸ್ಟ್", ಅಂದರೆ ದೇವರಲ್ಲಿ ನಮ್ಮ ನಂಬಿಕೆ ಅನ್ನೋ ಫಲಕ ದಾನ ಬಂದರೆ ಶಾಲೆ ಹಾಕಲೇಬೇಕು ಅಂತ. ಮರುವರ್ಷ ಸೌತ್‌ಲೇಕ್‌ನಲ್ಲಿ ಒಬ್ಬ ಪೋಷಕರು ಅದನ್ನೇ ಅರಬಿಯಲ್ಲಿ ಬರೆಸಿ ತಂದುಕೊಟ್ಟರು. ನಮ್ಮ ಹತ್ತಿರ ಸಾಕಷ್ಟಿದೆ, ಬೇಡ ಅಂತ ಸ್ಕೂಲ್ ಬೋರ್ಡಿನವರು ವಾಪಸ್ ಕಳಿಸಿದರು. ಅದೇ ದೇವರು, ಅದೇ ನಂಬಿಕೆ, ಅಕ್ಷರ ಬೇರೆ. ಇದು ನೀತಿಪಾಠವೋ, ಈ ಊರು ಯಾರದು ಅಂತ ಹೇಳುವ ಬೋರ್ಡೋ, ಅಲ್ಲೇ ಗೊತ್ತಾಗಲಿಲ್ವಾ?

ನಮ್ಮ ರಾಜ್ಯದಲ್ಲಿ ಆದಾಯ ತೆರಿಗೆ ಇಲ್ಲ ಅಂತ ಹೆಮ್ಮೆಯಿಂದ ಹೇಳುತ್ತೀರಿ. ಅದನ್ನೆಲ್ಲ ಸೇರಿಸಿ ಮನೆ ತೆರಿಗೆಯಲ್ಲಿ ವಸೂಲಿ ಮಾಡುತ್ತೀರಿ, ಆ ಬಿಲ್ಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಮೊತ್ತ ಶಾಲೆಯದೇ. ಈ ಸಲದ ಬಿಲ್ ಫ್ರಿಜ್ ಮೇಲೆ ಅಂಟಿಸಿದ್ದೇನೆ. ಆ ಗೋಡೆಯಲ್ಲಿ ನನ್ನದೂ ನಾಲ್ಕು ಇಟ್ಟಿಗೆ ಇದೆ. ನನ್ನ ಇಟ್ಟಿಗೆಯ ಮೇಲೆ "ನಿಮ್ಮ ಗಣಪ ತಪ್ಪು" ಅಂತ ಬರೆಯಬೇಡಿ. ಗಣಪನನ್ನು ಹಾಕಿ ಅಂತಲೂ ನಾನು ಕೇಳುತ್ತಿಲ್ಲ, ಅವನಿಗೆ ನಮ್ಮ ಮನೆಯಲ್ಲಿ ಜಾಗ ಇದೆ. ನಿಮ್ಮ ಹತ್ತು ಆಜ್ಞೆಗೂ ನಿಮ್ಮ ಮನೆಯಲ್ಲಿ, ನಿಮ್ಮ ಚರ್ಚಿನಲ್ಲಿ ಜಾಗ ಇದೆ ಅಲ್ವಾ? ಪೆನ್ಸಿಲ್ ಮೆಷಿನ್ ಮೇಲೆ ಲೆಕ್ಕದ ಮಗ್ಗಿ ಹಾಕಿಸಿ, ಏಳರ ಮಗ್ಗಿ ಇನ್ನೂ ಸರಿಯಾಗಿ ಬರಲ್ಲ ಅವನಿಗೆ.

ಇಳಿಸಿ. ಕೋರ್ಟು ಹೇಳಲಿ ಅಂತ ಕಾಯಬೇಡಿ. 2027ರ ಜನವರಿಯಲ್ಲಿ ಸದನ ಸೇರಿದಾಗ ಈ ಕಾನೂನು ರದ್ದು ಮಾಡುವ ಮಸೂದೆ ನೀವೇ ತನ್ನಿ. ಅಲ್ಲಿಯವರೆಗೆ ನಮ್ಮ ಡಿಸ್ಟ್ರಿಕ್ಟಿಗೆ ಒಂದು ಫೋನ್ ಮಾಡಿ ಇಳಿಸಿ ಅನ್ನಿ, ನಿಮ್ಮ ಮಾತು ಅವರು ಕೇಳುತ್ತಾರೆ. ಅದಕ್ಕೂ ಮುಂಚೆ 2026ರ ಮಾರ್ಚ್ 3ಕ್ಕೆ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ ಇದೆ, ಮತ ಕೇಳೋಕೆ ದೇವಸ್ಥಾನದ ಕಡೆ ಬಂದೇ ಬರುತ್ತೀರಿ. ಹಾಲಿನ ಬಾಗಿಲಲ್ಲಿ, ಶೂ ಬಿಚ್ಚುವ ಜಾಗದಲ್ಲಿ ಈ ಪತ್ರ ಹಿಡಿದು ನಿಂತಿರುತ್ತೇನೆ.

ಉತ್ತರ ಇಂಗ್ಲಿಷಿನಲ್ಲೇ ಬರೆಯಿರಿ, ನಾನು ಓದಿಕೊಳ್ಳುತ್ತೇನೆ. ಹೆಸರು ಮಾತ್ರ ಈ ಸಲ ಸರಿಯಾಗಿ ಬರೆಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು, ಎರಡನೇ ಕ್ಲಾಸಿನ ಹುಡುಗನ ಅಮ್ಮ
ಉತ್ತರ ಡಾಲಸ್, ಡಿಸೆಂಬರ್ 2025